ಕಟ್ಟಿದ ದೋಣಿಗೆ ಸಲ್ಲಬೇಕಾದ ಮರ್ಯಾದೆ

ಇಂಗ್ಲೆಂಡಿನ ಒಳನಾಡಿನ ಕಾಲುವೆಗಳಲ್ಲಿ ದೋಣಿಗಳಿಗೆ ವಿಧಿಸಿರುವ ವೇಗದ ಪರಮಾವಧಿ ಗಂಟೆಗೆ ನಾಲ್ಕು ಮೈಲಿ. ಎಂದರೆ, ದೃಢಕಾಯನಾದ ಮನುಷ್ಯನು ಬೆಳಗಿನ ಸಂಚಾರಕ್ಕೆ ಹೊರಟಾಗ ನಡೆಯುವ ವೇಗಕ್ಕಿಂತ ಅದು ಹೆಚ್ಚೇನೂ ಅಲ್ಲ. ಇಷ್ಟು ಮಂದಗತಿಯ ಪ್ರಯಾಣದಲ್ಲಿಯೂ ಅತಿವೇಗದ ವಿಷಯವಾಗಿ ಜಗಳವಾಡುವ ಜನರಿದ್ದಾರೆಂದು ಕೇಳಿದರೆ, ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರು ಓಡುವುದನ್ನೂ ವಿಳಂಬವೆಂದು ಬಗೆಯುವ ನಮಗೆ ನಗು ಬರುವುದು ಸಹಜ. ಆದರೆ ಆ ಕಾಲುವೆಯ ದಂಡೆಗೆ ಕಟ್ಟಿದ ದೋಣಿಯೊಂದರಲ್ಲಿ ಸಂಸಾರ ಹೂಡಿಕೊಂಡು, ಒಲೆಯ ಮೇಲೆ ಚಹಕ್ಕೆ ನೀರಿಟ್ಟು ನಿಂತಿರುವ ಗೃಹಸ್ಥನು, ಪಕ್ಕದಲ್ಲಿ ಹಾಯ್ದುಹೋಗುವ ಮತ್ತೊಂದು ದೋಣಿ ಎಬ್ಬಿಸಿದ ಸೆಳೆತಕ್ಕೆ ತನ್ನ ಮನೆಯೇ ಮೊಳದುದ್ದ ಜಾರಿ, ನೀರು ಚೆಲ್ಲಿ, ಹಗ್ಗ ಬಿಗಿದು ನರಳಿದಾಗ, ಕಿಟಕಿಯಿಂದ ತಲೆ ಹೊರಹಾಕಿ "ನಿಧಾನ, ನಿಧಾನ!" ಎಂದು ಕೂಗುತ್ತಾನಷ್ಟೆ, ಆ ಕೂಗಿನಲ್ಲಿ ಹಾಸ್ಯಕ್ಕೆ ಎಡೆಯಿರುವಷ್ಟೇ ನ್ಯಾಯಕ್ಕೂ ಎಡೆಯಿದೆಯೆಂಬುದು ನನ್ನ ಅಭಿಪ್ರಾಯ. ಈ ವ್ಯಾಜ್ಯದಲ್ಲಿ ನಾನು ಕಟ್ಟಿದ ದೋಣಿಯ ಪಕ್ಷ. ಚಲಿಸುವವನ ಪರವಾಗಿಯೂ ಹೇಳತಕ್ಕ ಮಾತುಗಳುಂಟು, ಅವನ್ನು ಮುಂದೆ ಹೇಳುತ್ತೇನೆ. ಆದರೆ ಇವರಿಬ್ಬರೂ ಪರಸ್ಪರ ಬೈದಾಡಿಕೊಳ್ಳುತ್ತಿರುವಾಗ ನಿಜವಾದ ಅಪರಾಧಿ ನೀರಿನ ತಳದಲ್ಲಿ ಯಾರ ಗಮನಕ್ಕೂ ಬಾರದೆ ಮಲಗಿರುತ್ತಾನೆಂಬುದನ್ನು ಈಗಲೇ ಸೂಚಿಸಿಡುವುದು ಒಳ್ಳೆಯದು.

ಈ ಕಾಲುವೆಗಳು ವಿಹಾರಕ್ಕಾಗಿ ತೋಡಿದವಲ್ಲ. 1761ರಲ್ಲಿ ಬ್ರಿಜ್‌ವಾಟರಿನ ಡ್ಯೂಕನು ವರ್ಸ್ಲಿಯಲ್ಲಿದ್ದ ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ಸಾಗಿಸಲೆಂದು ತೆರೆಯಿಸಿದ ಕಾಲುವೆಯ ಯಶಸ್ಸನ್ನು ಕಂಡು, ಧನಿಕರೂ ವರ್ತಕರೂ ಕಾರ್ಖಾನೆಯ ಯಜಮಾನರೂ ದೇಶದ ಉದ್ದಗಲಕ್ಕೂ ಕಾಲುವೆಗಳನ್ನು ತೋಡಿಸುವ ಉತ್ಸಾಹಕ್ಕೆ ಒಳಗಾದರು. ಆ ಕಾರ್ಯಕ್ಕೆ ನೇತೃತ್ವ ವಹಿಸಿದ ಜೇಮ್ಸ್ ಬ್ರಿಂಡ್ಲಿ ಎಂಬ ಯಂತ್ರಶಿಲ್ಪಿಗೆ ಶಾಲೆಯ ವಿದ್ಯೆ ಅಷ್ಟಾಗಿ ಇರಲಿಲ್ಲ. ಆದರೆ ನೀರಿನ ಸ್ವಭಾವವನ್ನು ಅವನು ಬಲ್ಲಷ್ಟು ಬಲ್ಲವರು ಆ ಕಾಲದಲ್ಲಿ ವಿರಳ. 1766ರಲ್ಲಿ ಆರಂಭವಾದ ಟ್ರೆಂಟ್ ಮತ್ತು ಮರ್ಸಿ ಕಾಲುವೆಗೆ ಅವನು ಗೊತ್ತುಪಡಿಸಿದ ಲಾಕುಗಳು, ಅಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸುವ ನೀರಿನ ಕೊಠಡಿಗಳು, ಸುಮಾರು 7 ಅಡಿ ಅಗಲ, 70 ಅಡಿಗೆ ಸ್ವಲ್ಪ ಮಿಕ್ಕ ಉದ್ದ. ಕೊಠಡಿ ಕಿರಿದಾದಷ್ಟೂ ಕಟ್ಟುವ ಖರ್ಚು ಕಡಿಮೆ, ಪ್ರತಿ ಸಲವೂ ಖರ್ಚಾಗುವ ನೀರೂ ಕಡಿಮೆ. ಹಣಕ್ಕೂ ನೀರಿಗೂ ಮಾಡಿದ ಈ ಮಿತವ್ಯಯದ ಫಲವಾಗಿಯೇ ಆ ದೇಶದ ಕಾಲುವೆಗಳಲ್ಲಿ ಬಹುಭಾಗ ಎರಡು ದೋಣಿಗಳು ಒಂದನ್ನೊಂದು ಹೇಗೋ ದಾಟಿಕೊಂಡು ಹೋಗುವಷ್ಟೇ ವಿಸ್ತಾರವುಳ್ಳದ್ದಾಗಿಯೂ, ಜೇಡಿಮಣ್ಣನ್ನು ತುಳಿದು ಮೆತ್ತಿದ ತಳವುಳ್ಳದ್ದಾಗಿಯೂ, ನಟ್ಟನಡುವೆ ನಾಲ್ಕೈದು ಅಡಿಗಿಂತ ಹೆಚ್ಚು ಆಳವಿಲ್ಲದ್ದಾಗಿಯೂ ಉಳಿದುಬಂದಿದೆ. ಕುದುರೆಯೊಂದು ದಂಡೆಯ ಮೇಲೆ ಹಗ್ಗದಿಂದ ದೋಣಿಯನ್ನು ಎಳೆಯುತ್ತ ನಡೆಯುತ್ತಿದ್ದ ಕಾಲದಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇರಲಿಲ್ಲ.

ದೋಣಿಯಲ್ಲಿ ಮನೆ ಮಾಡುವುದು ಕೂಡ ಇಂದಿನ ವಿಲಾಸವೆಂದು ಯಾರೂ ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ನಡುವಣ ದಶಕಗಳಲ್ಲಿ ರೈಲಿನ ಪೈಪೋಟಿಯಿಂದ ಸಾಗಾಣಿಕೆಯ ದರಗಳು ಕುಸಿಯಲಾಗಿ, ದಡದಲ್ಲಿ ಮನೆಯ ಬಾಡಿಗೆ ತೆತ್ತು ಆಳನ್ನೂ ಇಟ್ಟುಕೊಳ್ಳುವ ಶಕ್ತಿ ತಪ್ಪಿದ ಅಂಬಿಗರು ಹೆಂಡಿರುಮಕ್ಕಳನ್ನು ದೋಣಿಗೇ ಕರೆತಂದರು. ದೋಣಿಯ ಹಿಂಭಾಗದಲ್ಲಿ ಹತ್ತಡಿ ಉದ್ದದ ಕೋಣೆ. ಅದರಲ್ಲಿಯೇ ಒಲೆ, ಮಡಿಸುವ ಮಂಚ, ತೊಟ್ಟಿಲು, ಹುಟ್ಟು, ಸಾವು. ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಸುಧಾರಕನು ಈ ಮಕ್ಕಳ ದುಃಸ್ಥಿತಿಯನ್ನು ಪಾರ್ಲಿಮೆಂಟಿನ ಕಿವಿಗೆ ಹಾಕಿದುದರಿಂದ 1877ರಲ್ಲಿಯೂ 1884ರಲ್ಲಿಯೂ ಶಾಸನಗಳಾಗಿ, ದೋಣಿಯನ್ನು ವಾಸಸ್ಥಾನವೆಂದು ನೋಂದಾಯಿಸುವ, ಅದರಲ್ಲಿ ಎಷ್ಟು ಮಂದಿ ಮಲಗಬಹುದೆಂದು ತನಿಖೆ ಮಾಡುವ ಪದ್ಧತಿ ಬಂದಿತು. ತದನಂತರದ ಕಥೆ ಅವನತಿಯದು: 1948ರಲ್ಲಿ ಕಾಲುವೆಗಳು ರಾಷ್ಟ್ರದ ಸ್ವತ್ತಾದವು, 1962–63ರ ಘೋರವಾದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನೀರು ಹೆಪ್ಪುಗಟ್ಟಿ ನಿಂತಾಗ, ಅದಾಗಲೇ ಕ್ಷೀಣಿಸಿದ್ದ ಸರಕು ಸಾಗಾಣಿಕೆಗೆ ಚೇತರಿಸಿಕೊಳ್ಳಲಾಗದ ಪೆಟ್ಟು ಬಿದ್ದಿತು. ಈ ಕಾಲುವೆಗಳನ್ನು ಮುಚ್ಚಿಹಾಕದಂತೆ ತಡೆದವರು ಸರಕಾರದವರಲ್ಲ, ಹುಚ್ಚರೆಂದು ಕರೆಯಿಸಿಕೊಂಡ ಕೆಲವು ಪ್ರೇಮಿಗಳು. ಹಳೆಯ ದೋಣಿಯೊಂದರಲ್ಲಿ ಬಾಳಿ ತನ್ನ ಅನುಭವವನ್ನು 1944ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಎಲ್. ಟಿ. ಸಿ. ರೋಲ್ಟನೂ, ಅದನ್ನೋದಿ ಅವನನ್ನು ಹುಡುಕಿಕೊಂಡು ಬಂದ ರಾಬರ್ಟ್ ಐಕ್‌ಮನ್ನನೂ ಸೇರಿ 1946ರಲ್ಲಿ ಒಳನಾಡಿನ ಜಲಮಾರ್ಗಗಳ ಸಂಘವನ್ನು ಸ್ಥಾಪಿಸದೆ ಇದ್ದಿದ್ದರೆ, ಇಂದು ಜಗಳವಾಡಲಿಕ್ಕೆ ನೀರೇ ಇರುತ್ತಿರಲಿಲ್ಲವೇನೊ.

ಇನ್ನು ಜಗಳದ ಮೂಲವಾದ ಆ ಸೆಳೆತದ ಮಾತು. ಸಮುದ್ರದಲ್ಲಿ ಹಡಗು ಚಲಿಸಿದಾಗ ಅದು ತಳ್ಳಿದ ನೀರು ದಿಕ್ಕುದಿಕ್ಕಿಗೆ ಹರಡಿಹೋಗುತ್ತದೆ. ಕಾಲುವೆಯಲ್ಲಿ ಹಾಗೆ ಹರಡಲು ದಿಕ್ಕುಗಳೇ ಇಲ್ಲ. ಇಕ್ಕಟ್ಟಾದ ಬೀದಿಯಲ್ಲಿ ತೇರು ಮುಂದೆ ಬಂದಂತೆಲ್ಲ ಎದುರಿಗಿದ್ದ ಜನಸಂದಣಿ ಗೋಡೆಗೂ ಗಾಲಿಗೂ ನಡುವಣ ಸಂದಿನಲ್ಲಿ ನುಸುಳಿ ತೇರಿನ ಹಿಂದಕ್ಕೆ ಧಾವಿಸುವ ಹಾಗೆ, ದೋಣಿಯ ಮೂತಿ ತಳ್ಳಿದ ನೀರು ಅದರ ಎರಡು ಪಕ್ಕಗಳಲ್ಲಿಯೂ ಅಡಿಯಲ್ಲಿಯೂ ಇರುವ ಕಿರಿದಾದ ಎಡೆಯಲ್ಲಿಯೇ ಹಿಮ್ಮುಖವಾಗಿ ಓಡಿ, ದೋಣಿ ಬಿಟ್ಟುಹೋದ ಸ್ಥಳವನ್ನು ತುಂಬಬೇಕು. ಓಡುವ ನೀರಿನ ಮಟ್ಟ ನಿಂತ ನೀರಿನ ಮಟ್ಟಕ್ಕಿಂತ ತಗ್ಗುತ್ತದೆಂಬುದು ಭೌತವಿಜ್ಞಾನದ ಪ್ರಸಿದ್ಧ ನಿಯಮ. ಆದಕಾರಣ, ಹಾಯ್ದುಹೋಗುವ ದೋಣಿಯ ಮೂತಿ ಸಮೀಪಿಸಿದಾಗ ಕಟ್ಟಿದ ದೋಣಿ ಮೊದಲು ಕೊಂಚ ಮುಂದಕ್ಕೆ ನೂಕಲ್ಪಟ್ಟು, ಅದರ ಒಡಲು ಪಕ್ಕಕ್ಕೆ ಬಂದಾಗ ತಗ್ಗಿದ ನೀರಿನೊಡನೆ ಹಿಂದಕ್ಕೂ ಕಾಲುವೆಯ ನಡುವಿಗೂ ಎಳೆಯಲ್ಪಟ್ಟು, ಅದರ ಹಿಂಭಾಗ ದಾಟಿದಾಗ ಮತ್ತೆ ಮುಂದಕ್ಕೆ ಜಗ್ಗಲ್ಪಡುತ್ತದೆ. ಹದಿನೈದು ಇಪ್ಪತ್ತು ಟನ್ನು ತೂಕದ ಉಕ್ಕಿನ ಮನೆ ಹೀಗೆ ಮೂರು ಸಲ ಒಲೆದಾಡಿದರೆ, ದಂಡೆಯ ಮೆತ್ತನೆಯ ಮಣ್ಣಿನಲ್ಲಿ ಸುತ್ತಿಗೆಯಿಂದ ಹೊಡೆದು ನಿಲ್ಲಿಸಿದ ಎರಡು ಕಬ್ಬಿಣದ ಗೂಟಗಳು ಎಷ್ಟು ಕಾಲ ತಡೆದಾವು? ಮಳೆ ಬಿದ್ದ ಮಾರನೆಯ ದಿನ ಗೂಟ ಕಿತ್ತುಬಂದು, ಒಳಗೆ ನಿದ್ರಿಸುತ್ತಿದ್ದವರು ಎಚ್ಚತ್ತು ನೋಡುವಷ್ಟರಲ್ಲಿ ತಮ್ಮ ಮನೆ ಕಾಲುವೆಗೆ ಅಡ್ಡಲಾಗಿ ನಿಂತಿರುವುದು ಅಲ್ಲಿ ಅಪರೂಪದ ಸಂಗತಿಯಲ್ಲ.

ಗಮನಿಸತಕ್ಕ ವಿಷಯವೆಂದರೆ, ಈ ಉಪದ್ರವವು ವೇಗದೊಡನೆ ಸರಿಸಮನಾಗಿ ಬೆಳೆಯುವಂಥದಲ್ಲ. ವೇಗ ಇಮ್ಮಡಿಯಾದರೆ ಸೆಳೆತ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ. ಆದುದರಿಂದ ಫಲಕದ ಮೇಲೆ ಬರೆದ ನಾಲ್ಕು ಮೈಲಿಯ ಅಂಕೆಯೇ ಧರ್ಮವೆಂದು ವಾದಿಸುವವನು, ಕಾನೂನನ್ನು ಓದಿದ್ದಾನೆಯೇ ಹೊರತು ನೀರನ್ನು ಓದಿಲ್ಲ. ಆಳವೂ ಅಗಲವೂ ಇರುವೆಡೆ ನಾಲ್ಕು ಮೈಲಿ ನಿರಪಾಯ; ಇಕ್ಕಟ್ಟಿನಲ್ಲಿ ಎರಡು ಮೈಲಿಯೂ ಅತಿ. ದಂಡೆಗೆ ಬಡಿದು ಬಿಳಿನೊರೆಯಾಗಿ ಒಡೆಯುವ ಅಲೆ ದೋಣಿಯ ಹಿಂದೆ ಕಾಣಿಸಿಕೊಂಡಿತೆಂದರೆ ವೇಗ ಮಿತಿಮೀರಿತೆಂದೇ ಅರ್ಥ, ಅಂಕೆ ಏನೇ ಇರಲಿ. ಆ ಅಲೆ ಪರರ ಮನೆಯನ್ನು ಅಲುಗಿಸುವುದಲ್ಲದೆ, ದಂಡೆಯ ಮಣ್ಣನ್ನು ಕರಗಿಸಿ ತಳಕ್ಕಿಳಿಸಿ, ನಾಳೆಯ ಕಾಲುವೆಯನ್ನು ಇಂದಿನದಕ್ಕಿಂತ ಕಿರಿದಾಗಿ ಮಾಡುತ್ತದೆ. ಇಷ್ಟು ಮಾಡಿಯೂ ಅವಸರದವನು ಗಳಿಸುವುದು ಅತ್ಯಲ್ಪ. ಆಳವಿಲ್ಲದ ನೀರಿನಲ್ಲಿ ಎಂಜಿನ್ನು ಎಷ್ಟು ಗರ್ಜಿಸಿದರೂ ದೋಣಿಯ ಹಿಂಭಾಗ ಕುಸಿಯುವುದಲ್ಲದೆ ಮುಂಭಾಗ ಅದಕ್ಕೆ ತಕ್ಕಂತೆ ಮುಂದುವರಿಯುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಸ್ಕಾಟ್ಲೆಂಡಿಗೆ ಹೋಗಿಬರುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. 1834ರಲ್ಲಿ ಎಡಿನ್‌ಬರೊ ನಗರದ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ಜಾನ್ ಸ್ಕಾಟ್ ರಸೆಲ್ ಎಂಬ ಯುವ ವಿಜ್ಞಾನಿ ದೋಣಿಗಳ ಚಲನೆಯನ್ನು ಪರೀಕ್ಷಿಸುತ್ತಿದ್ದಾಗ, ಜೋಡಿ ಕುದುರೆಗಳು ವೇಗವಾಗಿ ಎಳೆಯುತ್ತಿದ್ದ ದೋಣಿಯೊಂದು ಹಠಾತ್ತನೆ ನಿಂತಿತು. ದೋಣಿ ನಿಂತರೂ ಅದು ನೂಕುತ್ತಿದ್ದ ನೀರು ನಿಲ್ಲಲಿಲ್ಲ. ಮೂತಿಯ ಬಳಿ ಒಂದು ಕ್ಷಣ ಕಲಕಿದಂತಾಗಿ, ಸುಮಾರು ಮೂವತ್ತಡಿ ಉದ್ದ, ಒಂದು ಒಂದೂವರೆ ಅಡಿ ಎತ್ತರದ ನಯವಾದ ಏಕಾಂಗಿ ಅಲೆಯಾಗಿ ರೂಪುಗೊಂಡು, ದೋಣಿಯನ್ನು ಅಲ್ಲಿಯೇ ಬಿಟ್ಟು ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ ತಾನೇ ಹೊರಟುಹೋಯಿತು. ರಸೆಲ್ ಕುದುರೆಯೇರಿ ಅದನ್ನು ಒಂದೆರಡು ಮೈಲಿ ಬೆನ್ನಟ್ಟಿ, ಕಾಲುವೆಯ ತಿರುವುಗಳಲ್ಲಿ ಅದು ಕಣ್ಮರೆಯಾಗುವವರೆಗೂ ನೋಡಿದನು. ಸಮಕಾಲೀನ ಪಂಡಿತರಲ್ಲಿ ಕೆಲವರು ಇಂಥ ಅಲೆ ಸಾಧ್ಯವೇ ಎಂದು ಸಂದೇಹಪಟ್ಟರು. ಅದಕ್ಕೆ ಒಪ್ಪುವ ಗಣಿತ ಕಾರ್ಟ್‌ವೆಗ್ ಮತ್ತು ಡಿ ವ್ರೀಸ್ ಎಂಬ ಡಚ್ಚರಿಂದ 1895ರಲ್ಲಿ ದೊರೆತು, ಸಾಲಿಟಾನ್ ಎಂಬ ಹೆಸರು 1965ರಲ್ಲಿ ಬಂದು, ಇಂದು ಗಾಜಿನ ಎಳೆಗಳಲ್ಲಿ ಬೆಳಕಿನ ಸಂಕೇತಗಳನ್ನು ಕಳುಹಿಸುವ ಶಾಸ್ತ್ರದಲ್ಲಿಯೂ ಅದರ ವಿಚಾರ ಬರುತ್ತದೆ.

ವಿಜ್ಞಾನದ ಮಹಿಮೆ ಹಾಗಿರಲಿ. ದೋಣಿ ನಡೆಸುವವನಿಗೆ ಇದರಿಂದ ತಿಳಿಯಬೇಕಾದ ಒಂದು ವ್ಯಾವಹಾರಿಕ ಸಂಗತಿಯಿದೆ. ದೋಣಿ ತನ್ನ ಅಲೆಯನ್ನು ಜೊತೆಯಲ್ಲಿಯೇ ಕರೆದೊಯ್ಯುತ್ತಿರುತ್ತದೆ; ಎಂಜಿನ್ನನ್ನು ತಗ್ಗಿಸಿದ ಕೂಡಲೆ ದೋಣಿ ತಡೆಯುತ್ತದೆ, ಅಲೆ ಮುಂದೆ ಹೋಗುತ್ತದೆ. ಆದ್ದರಿಂದ ಕಟ್ಟಿದ ದೋಣಿಯ ಸಮಕ್ಕೆ ಬಂದ ಮೇಲೆ ಸೌಜನ್ಯವನ್ನು ಜ್ಞಾಪಿಸಿಕೊಂಡು ವೇಗವನ್ನು ಇಳಿಸುವವನು, ತನ್ನ ಸೌಜನ್ಯಕ್ಕಿಂತ ಮುಂಚೆಯೇ ತನ್ನ ಅಲೆಯನ್ನು ಆ ಮನೆಯವರಿಗೆ ತಲಪಿಸಿರುತ್ತಾನೆ. ಹಲವು ದೋಣಿಗಳ ಉದ್ದದಷ್ಟು ಮೊದಲೇ ತಗ್ಗಿಸಬೇಕು. ಸಾಲಿನ ಕೊನೆಯ ದೋಣಿಯನ್ನು ಪೂರ್ತಿಯಾಗಿ ದಾಟುವವರೆಗೂ ಏರಿಸಬಾರದು.

ಈಗಿನ ಜನಸಂದಣಿಯ ವಿಚಾರಕ್ಕೆ ಬರೋಣ. 2012ರಲ್ಲಿ ಸರಕಾರವು ಇಂಗ್ಲೆಂಡ್ ಮತ್ತು ವೇಲ್ಸಿನ ಕಾಲುವೆಗಳ ಪಾಲನೆಯನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಸಂಸ್ಥೆಗೆ ಒಪ್ಪಿಸಿತು. ಅದರ ಅಧೀನದಲ್ಲಿರುವ ಸುಮಾರು 2,000 ಮೈಲಿ ಜಲಮಾರ್ಗದಲ್ಲಿ ಇರುವ ದೋಣಿಗಳು 35,000ಕ್ಕೂ ಅಧಿಕ. ಅವುಗಳಲ್ಲಿ ಬಹಳಷ್ಟು ಯಾವ ದಿನ ನೋಡಿದರೂ ಚಲಿಸುತ್ತಿರುವುದಿಲ್ಲ, ಕಟ್ಟಿರುತ್ತವೆ. ಲಂಡನ್ನಿನಲ್ಲಂತೂ ಮನೆಬಾಡಿಗೆಯ ಉರಿಗೆ ಅಂಜಿ ನೀರಿಗಿಳಿದವರು ಅನೇಕರು. ಥೇಮ್ಸ್ ನದಿಯ ದಡದ ಲ್ಯಾಂಬೆತ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ದರ್ಶನಕ್ಕೆ ಹೋಗುವ ಕನ್ನಡಿಗರು, ಅಲ್ಲಿಂದ ಕೆಲವೇ ಮೈಲಿ ದೂರದ ಲಿಟಲ್ ವೆನಿಸ್ ಎಂಬಲ್ಲಿಗೂ ಒಂದು ಗಳಿಗೆ ಹೋಗಿಬಂದರೆ ಈ ಲೋಕದ ಪರಿಚಯವಾಗುತ್ತದೆ. ಅಲ್ಲಿಂದ ಹೊರಟು, ಪ್ರಾಣಿಸಂಗ್ರಹಾಲಯದ ಪಕ್ಕದಲ್ಲಿ ಕ್ಯಾಮ್ಡೆನ್ನಿನ ಕಡೆಗೂ, ಇಸ್ಲಿಂಗ್ಟನ್ನಿನ ಸುರಂಗದ ಮೂಲಕ ಪೂರ್ವದ ಲೈಮ್‌ಹೌಸಿಗೂ ಸಾಗುವ, 1820ರಲ್ಲಿ ಪೂರ್ಣವಾದ ರೀಜೆಂಟ್ಸ್ ಕಾಲುವೆಯ ದಂಡೆಯಲ್ಲಿ ದೋಣಿಗೆ ದೋಣಿ ಬಿಗಿದು, ಕೆಲವೆಡೆ ಎರಡೆರಡು ಸಾಲಾಗಿ ನಿಂತ ಮನೆಗಳು. ಮಾಡಿನ ಮೇಲೆ ಸೌದೆ, ಸೈಕಲ್ಲು, ತುಳಸಿಕಟ್ಟೆಯ ಗಾತ್ರದ ಹೂಕುಂಡಗಳು.

ಈ ನಿವಾಸಿಗಳಲ್ಲಿ ಒಂದು ವರ್ಗಕ್ಕೆ ಗೊತ್ತಾದ ತಂಗುದಾಣವೇ ಇಲ್ಲ. 1995ರ ಶಾಸನವು, ಸ್ವಂತ ತಂಗುದಾಣವಿಲ್ಲದ ದೋಣಿಯು ಪ್ರಾಮಾಣಿಕವಾಗಿ ಸಂಚಾರದಲ್ಲಿರಬೇಕೆಂದೂ, ಒಂದೇ ಸ್ಥಳದಲ್ಲಿ ಎಡೆಬಿಡದೆ 14 ದಿನಗಳಿಗಿಂತ ಹೆಚ್ಚು ಕಾಲ, ನ್ಯಾಯವಾದ ಕಾರಣವಿದ್ದ ಹೊರತು, ನಿಲ್ಲಕೂಡದೆಂದೂ ವಿಧಿಸಿದೆ. ಮಗುವಿನ ಶಾಲೆ ಒಂದೂರಿನಲ್ಲಿ, ತಾಯಿಯ ಉದ್ಯೋಗ ಇನ್ನೊಂದೂರಿನಲ್ಲಿ, ಮನೆ ಮಾತ್ರ ಹದಿನಾಲ್ಕು ದಿನಗಳಿಗೊಮ್ಮೆ ಮುಂದೆ ಸಾಗಬೇಕು. ಶಾಸನದ ಉದ್ದೇಶ ಸರಿಯಾದದ್ದೇ. ನೀರಿನ ದಂಡೆ ಯಾರೊಬ್ಬರ ಪಿತ್ರಾರ್ಜಿತವೂ ಆಗಬಾರದು. ಆದರೆ ಎಷ್ಟು ದೂರ ಹೋದರೆ ಸ್ಥಳ ಬದಲಾದಂತೆ ಎಂಬುದನ್ನು ಶಾಸನ ಹೇಳದೆ ಬಿಟ್ಟಿರುವುದರಿಂದ, ಆ ಪ್ರಶ್ನೆಯ ಸುತ್ತ ನಡೆದಿರುವ ತಕರಾರುಗಳಿಗೆ ಮಿತಿಯಿಲ್ಲ.

ಚಲಿಸುವವರ ಪಕ್ಷವನ್ನು ಈಗ ಕೇಳಬೇಕು. ವಾರದ ರಜೆಗೆ ಬಾಡಿಗೆಯ ದೋಣಿ ಹಿಡಿದ ಕುಟುಂಬವೊಂದು, ಶನಿವಾರದೊಳಗೆ ದೋಣಿಯನ್ನು ಮರಳಿಸಲೇಬೇಕಾಗಿರುವಾಗ, ಮೈಲಿಗಟ್ಟಲೆ ಕಟ್ಟಿದ ದೋಣಿಗಳ ಸಾಲಿನ ಪಕ್ಕದಲ್ಲಿ ತೆವಳಬೇಕಾಗಿ ಬಂದರೆ ಬೇಸರವಾಗದೆ ಇರುವುದಿಲ್ಲ. ಗಂಟೆಗೆ ಮೂರು ಮೈಲಿಯಂತೆ ಹೋದರೆ ಒಂದು ಮೈಲಿಗೆ ಇಪ್ಪತ್ತು ನಿಮಿಷ. ಒಂದೂವರೆ ಮೈಲಿಯಂತೆ ಹೋದರೆ ನಾಲ್ವತ್ತು. ವಾರದಲ್ಲಿ ಹತ್ತು ಮೈಲಿ ಇಂಥ ಸಾಲುಗಳಿದ್ದರೂ ಕಳೆದುಹೋಗುವುದು ಮೂರು ಗಂಟೆ ಇಪ್ಪತ್ತು ನಿಮಿಷ. ಅದನ್ನು ನಷ್ಟವೆಂದು ಎಣಿಸುವವರು ಕಾಲುವೆಗೆ ಏಕೆ ಬಂದರೆಂಬುದು ನನಗೆ ಅರ್ಥವಾಗದ ವಿಷಯ. ಸಮಾನಾಂತರವಾಗಿ ಮೋಟಾರುರಸ್ತೆಯೂ ಇದೆ. ಆದರೆ ಅವರ ಇನ್ನೊಂದು ಆಕ್ಷೇಪಣೆಯಲ್ಲಿ ಹುರುಳಿದೆ. ಹಗ್ಗವನ್ನು ಸಡಿಲಾಗಿ ಬಿಟ್ಟು, ಮೂತಿಗೊಂದು ಬಾಲಕ್ಕೊಂದು ಗಂಟು ಹಾಕಿ, ಊಟಕ್ಕೆ ಊರೊಳಗೆ ಹೊರಟುಹೋಗುವವರ ದೋಣಿ ಎಷ್ಟು ನಿಧಾನವಾಗಿ ಹಾಯ್ದರೂ ಒಲೆದಾಡಿಯೇ ತೀರುತ್ತದೆ. ಹಗ್ಗಗಳನ್ನು ಓರೆಯಾಗಿ ಎಳೆದು, ಮುಂದಕ್ಕೂ ಹಿಂದಕ್ಕೂ ಜಾರದಂತೆ ಬಿಗಿದ ದೋಣಿ ಅಷ್ಟಾಗಿ ಅಲುಗುವುದಿಲ್ಲ. ಅಲ್ಲದೆ ಚುಕ್ಕಾಣಿಗೆ ಬಲ ಬರುವುದು ಪ್ರೊಪೆಲರ್ ನೂಕುವ ನೀರಿನಿಂದ. ಎಂಜಿನ್ನಿನ ಬಲವನ್ನು ಪೂರ್ತಿಯಾಗಿ ನಿಲ್ಲಿಸಿದರೆ ದೋಣಿ ಗಾಳಿಯ ಪಾಲಾಗಿ, ಯಾರ ಮನೆಯನ್ನು ಅಲುಗಿಸಬಾರದೆಂದು ಹೊರಟನೋ ಅದೇ ಮನೆಗೆ ಅಡ್ಡಲಾಗಿ ಡಿಕ್ಕಿ ಹೊಡೆಯುವ ಪ್ರಸಂಗವುಂಟು. ತಿರುವಿನಲ್ಲಿ, ಸೇತುವೆಯ ಬಾಯಲ್ಲಿ, ಲಾಕಿನ ಬಾಗಿಲಲ್ಲಿ ದೋಣಿ ಕಟ್ಟಿ ಇತರರನ್ನು ಶಪಿಸುವವನ ಪರವಾಗಿ ನಾನೂ ವಾದಿಸಲಾರೆ.

ಇಷ್ಟನ್ನೆಲ್ಲ ಒಪ್ಪಿಕೊಂಡ ಮೇಲೆಯೂ ಭಾರ ಚಲಿಸುವವನ ಮೇಲೆಯೇ ಹೆಚ್ಚು ಬೀಳಬೇಕೆಂಬುದಕ್ಕೆ ಕಾರಣ ಸರಳ: ಅವನ ಕೈಯಲ್ಲಿ ಎಂಜಿನ್ನಿದೆ, ಕಟ್ಟಿದವನ ಕೈಯಲ್ಲಿ ಏನೂ ಇಲ್ಲ. ಸ್ಥಾವರವು ಜಂಗಮದ ದಾರಿಯಿಂದ ಸರಿಯಲಾರದು. ಜಂಗಮವು ತನ್ನ ಗತಿಯನ್ನು ತಿದ್ದಿಕೊಳ್ಳಬಲ್ಲುದು.

ಇನ್ನು ತಳದಲ್ಲಿ ಮಲಗಿರುವ ಅಪರಾಧಿಯ ಮಾತು. ಅವನು ಹೂಳು. ನಾಲ್ಕಡಿ ಆಳವಿರಬೇಕಾದ ಕಡೆ ಎರಡಡಿ ಕೆಸರು ತುಂಬಿದರೆ ನೀರು ಹಿಂದಕ್ಕೆ ಓಡಲು ಇರುವ ಎಡೆ ಅರ್ಧಕ್ಕಿಂತಲೂ ಕಡಿಮೆಯಾಗಿ, ಹಿಂದೆ ಮೂರು ಮೈಲಿ ವೇಗದಲ್ಲಿ ಯಾರಿಗೂ ತೊಂದರೆಯಾಗದ ಸ್ಥಳದಲ್ಲಿ ಈಗ ಎರಡು ಮೈಲಿಗೇ ಗೂಟಗಳು ಕಿತ್ತುಬರುತ್ತವೆ. ಹೂಳೆತ್ತುವುದು ಬಹು ಖರ್ಚಿನ ಕೆಲಸ. ಕೆಸರನ್ನು ಮೇಲೆತ್ತಿದರೆ ಸಾಲದು, ಹಳೆಯ ಕಾರ್ಖಾನೆಗಳ ವಿಷ ಕಲಸಿದ ಆ ಕೆಸರನ್ನು ಎಲ್ಲಿ ಹಾಕಬೇಕೆಂಬುದೂ ಸಮಸ್ಯೆಯೇ. ಇಂಥ ಸಮಯದಲ್ಲಿ ಬ್ರಿಟನ್ನಿನ ಸರಕಾರವು ಕಾಲುವೆಗಳಿಗೆ ತಾನು ಕೊಡುವ ಅನುದಾನವನ್ನು 2027ರಿಂದಾಚೆಗೆ ಕ್ರಮಕ್ರಮವಾಗಿ ಇಳಿಸುವುದಾಗಿ 2023ರಲ್ಲಿ ಪ್ರಕಟಿಸಿತು. ಟ್ರಸ್ಟು 2024ರ ಏಪ್ರಿಲಿನಿಂದ ಸ್ವಂತ ತಂಗುದಾಣವಿಲ್ಲದ ದೋಣಿಗಳ ಮೇಲೆ ಹೆಚ್ಚುವರಿ ಶುಲ್ಕವನ್ನು ಹೇರಿತು. ನಿತ್ಯ ಸಂಚಾರಿಗಳು ಜಲಮಾರ್ಗವನ್ನು ಹೆಚ್ಚಾಗಿ ಬಳಸುತ್ತಾರೆಂಬ ಅದರ ವಾದ ತರ್ಕಕ್ಕೆ ಪೂರ್ತಿ ಹೊರತಾದುದಲ್ಲ. ಆದರೂ ಬಾಡಿಗೆ ತೆರಲಾರದೆ ನೀರಿಗೆ ಬಂದವರಿಂದ ವಸೂಲು ಮಾಡಿ ಇನ್ನೂರೈವತ್ತು ವರ್ಷಗಳ ರಾಷ್ಟ್ರೀಯ ಸಂಪತ್ತನ್ನು ಕಾಪಾಡಿಕೊಳ್ಳುತ್ತೇವೆಂಬುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಆ ದಂಡೆಯ ದಾರಿಯಲ್ಲಿ ದೋಣಿಯಿಲ್ಲದೆ ನಡೆಯುವವರೂ, ಸೈಕಲ್ಲು ತುಳಿಯುವವರೂ, ಗಾಳ ಹಾಕಿ ಕೂರುವವರೂ, ನೀರಿನ ನೋಟಕ್ಕಾಗಿ ಹೆಚ್ಚಿನ ಬೆಲೆಗೆ ಮಾರಾಟವಾಗುವ ಮನೆಗಳ ಒಡೆಯರೂ ಎಷ್ಟಿಲ್ಲ? ಹೂಳೆತ್ತುವ ಹಣ ಸರಕಾರದ ಬೊಕ್ಕಸದಿಂದ ಬರತಕ್ಕದ್ದು.

ಈ ವಿಷಯ ಏಳು ಸಮುದ್ರಗಳಾಚೆಯದೆಂದು ನಮ್ಮವರು ತಳ್ಳಿಹಾಕುವಂತಿಲ್ಲ. ರಜೆ ಬಂದಿತೆಂದರೆ ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ಕುಟುಂಬಗಳು ಆಲಪ್ಪುಳದ ದೋಣಿಮನೆಗಳಿಗೆ ಹೊರಡುತ್ತವೆ. ಹಿಂದೆ ಭತ್ತ ಹೊರುತ್ತಿದ್ದ ಕೆಟ್ಟುವಳ್ಳಂಗಳೇ ಎಂಜಿನ್ನನ್ನೂ ಹವಾನಿಯಂತ್ರಣವನ್ನೂ ಧರಿಸಿ ವಿಹಾರನೌಕೆಗಳಾಗಿವೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಗದ್ದೆಗಳನ್ನು ಕಾಯುವುದು ಕಾಲುವೆಯ ಇಕ್ಕೆಲದ ಮಣ್ಣಿನ ಬದುಗಳು. ಆ ಬದುಗಳ ಮೇಲೆಯೇ ರೈತರ ಮನೆ, ಪಾತ್ರೆ ತೊಳೆಯುವ ಕಲ್ಲು, ಮಕ್ಕಳು ಶಾಲೆಗೆ ಹೋಗುವ ಪುಟ್ಟ ದೋಣಿ. ಮೀನುಗಾರರು ಬಲೆ ಬೀಸುವ ರಾತ್ರಿಯ ಹೊತ್ತಿನಲ್ಲಿ ದೋಣಿಮನೆಗಳು ದಡಕ್ಕೆ ಕಟ್ಟಿಕೊಂಡಿರಬೇಕೆಂಬ ನಿಯಮ ಅಲ್ಲಿದೆ, ಅದು ಮೆಚ್ಚತಕ್ಕದ್ದು. ಆದರೆ ಹಗಲಿನ ಅಲೆ ಬದುವನ್ನು ಕೊರೆಯುವುದಕ್ಕೆ ರಾತ್ರಿಯ ನಿಯಮ ಔಷಧವಾಗದು.

ಇಂಗ್ಲೆಂಡಿನ ಕಾಲುವೆಯಲ್ಲಿ ವಿಹಾರದ ದೋಣಿಯನ್ನು ಬಾಡಿಗೆಗೆ ಪಡೆಯಲು ಚಾಲನೆಯ ಪರವಾನಗಿ ಬೇಕಿಲ್ಲ. ಅಲ್ಲಿ ನೆಲಸಿರುವ ಅಥವಾ ಪ್ರವಾಸ ಹೋಗುವ ಕನ್ನಡಿಗರ ಕೈಗೂ ಒಂದಲ್ಲ ಒಂದು ದಿನ ಆ ಚುಕ್ಕಾಣಿ ಬರಬಹುದು. ಆಲಪ್ಪುಳದಲ್ಲಿ ಚುಕ್ಕಾಣಿ ಅಂಬಿಗನ ಕೈಯಲ್ಲಿದ್ದರೂ ಅವಸರದ ಆಜ್ಞೆ ಬರುವುದು ಹಣ ಕೊಟ್ಟ ನಮ್ಮಿಂದಲೇ. ಎಲ್ಲಿಯೇ ಆಗಲಿ, ಮುಂದಿನ ನೋಟವನ್ನು ನೋಡಿ ತಣಿಯುವ ನಡುವೆ ಆಗಾಗ ಹಿಂದಿರುಗಿ ನೀರು ದಡಕ್ಕೆ ಹೇಗೆ ಬಡಿಯುತ್ತಿದೆಯೆಂದು ನೋಡಿ. ಕಟ್ಟಿದ ದೋಣಿ ದೂರದಲ್ಲಿ ಕಂಡಾಗಲೇ ಎಂಜಿನ್ನನ್ನು ತಗ್ಗಿಸಿ, ಇಲ್ಲವೆ ತಗ್ಗಿಸಲು ಹೇಳಿ. ಒಳಗಿನವರು ಕೈಯೆತ್ತಿ ವಂದಿಸಿದರೆ ನೀವೂ ಕೈಯೆತ್ತಿ ಮುಂದೆ ಹೋಗಿ.